ಬೇಸಿಗೆ ರಜೆಗೆ ಕುದುರೆಮುಖ ಬೇಡ

ಪ್ರಶ್ನೆ: ನಾವು ಜಮಖಂಡಿಯವರು. ಮಕ್ಕಳ ದೊಡ್ಡ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಬರುವುದರಿಂದ ಆಗಲೇ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಶಿಖರ ಹತ್ತಬೇಕೆಂದಿದ್ದೇವೆ. ಇಲ್ಲಿಯ ಬಿಸಿಲಿನಿಂದ ನಾಲ್ಕು ದಿನ ತಪ್ಪಿಸಿಕೊಂಡಂತೆಯೂ ಆದೀತು. ಆ ಕಾಡಿಗೆ ವರ್ಷದ ಯಾವ ತಿಂಗಳಲ್ಲಾದರೂ ಹೋಗಬಹುದೇ? ಎಪ್ಪತ್ತು ದಾಟಿದ ತಂದೆಯವರೂ ಜೊತೆಗಿರುತ್ತಾರೆ.

ಉತ್ತರ: ಉದ್ಯಾನದ ನಡುವಿನ ರಸ್ತೆಯಲ್ಲಿ ಸಾಗಿ ಬೆಟ್ಟ ನೋಡುವುದಾದರೆ ಯಾವ ತಿಂಗಳಾದರೂ ಸರಿ. ಶಿಖರ ಹತ್ತುವುದಕ್ಕೆ ಮಾತ್ರ ನೀವು ಆರಿಸಿಕೊಂಡಿರುವ ತಿಂಗಳುಗಳು ತೀರ ಒಗ್ಗದವು. ಕುದುರೆಮುಖದ ಎತ್ತರದ ಇಳಿಜಾರುಗಳೆಲ್ಲ ಬರಿಯ ಹುಲ್ಲುಗಾವಲು. ನೀರು ನಿಲ್ಲುವ ಕಣಿವೆಯ ಮಡಿಲುಗಳಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು ಬೆಳೆಯುತ್ತದೆ. ಫೆಬ್ರುವರಿಯ ಹೊತ್ತಿಗೆ ಆ ಹುಲ್ಲು ಒಣಗಿ, ಯಾರೋ ಎಸೆದ ಬೀಡಿಯ ತುಂಡಿನಿಂದ ಇಡೀ ಗುಡ್ಡ ಹೊತ್ತಿಕೊಳ್ಳುವ ಸ್ಥಿತಿಯಲ್ಲಿರುವುದರಿಂದ, ಅರಣ್ಯ ಇಲಾಖೆಯು ಬೇಸಿಗೆಯಲ್ಲಿ ಚಾರಣವನ್ನೇ ನಿಲ್ಲಿಸುವುದುಂಟು. ಒಂದು ವೇಳೆ ಬಿಟ್ಟರೂ ಮೇಲಿನ ದಾರಿಯಲ್ಲಿ ತಲೆಗೆ ನೆರಳಿಲ್ಲ. ಜಮಖಂಡಿಯ ಬಿಸಿಲನ್ನು ತಪ್ಪಿಸಿಕೊಂಡು ಬಂದವರಿಗೆ ಅಲ್ಲಿಯೂ ಬಿಸಿಲೇ ಎದುರಾಗುತ್ತದೆ. ಮಲೆನಾಡಿನಲ್ಲಿ ರಕ್ತ ಹೀರುವ ಉಣ್ಣಿಗಳಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ಡಿಸೆಂಬರಿನಿಂದ ಮೇವರೆಗೆ ಎಂಬುದನ್ನು ಮರೆಯಬಾರದು. ಆ ತಿಂಗಳುಗಳಲ್ಲಿ ಹೋಗುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ಮರಳಿ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮಕ್ಕಳ ಮೈಯನ್ನು ಒಮ್ಮೆ ಪರೀಕ್ಷಿಸಬೇಕು.

ಮಳೆಗಾಲದ ಮಾತೇ ಬೇರೆ. ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ಅಲ್ಲಿ 6,000 ಮಿ.ಮೀ. ಮೀರುತ್ತದೆ. ಹಸಿರನ್ನು ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಮಂಜು ಮುಸುಕಿದರೆ ಹತ್ತು ಹೆಜ್ಜೆ ಮುಂದಿನದೂ ಕಾಣದು, ಇಂಬಳಗಳು (ಜಿಗಣೆಗಳು) ಕಾಲು ಬಿಡವು, ಹಳ್ಳ ಉಕ್ಕಿದರೆ ಹಿಂದಿರುಗುವ ದಾರಿಯೇ ಮುಚ್ಚಿಹೋಗುತ್ತದೆ. ಮಕ್ಕಳೊಂದಿಗೆ ಈ ಸಾಹಸ ಬೇಡವೆಂದೇ ನನ್ನ ಅಭಿಪ್ರಾಯ.

ನಿಮಗೆ ಒಪ್ಪುವುದು ದಸರಾ ರಜೆ. ಮಳೆ ಹಿಂದೆಗೆದಿರುತ್ತದೆ, ಹುಲ್ಲು ಇನ್ನೂ ಹಸಿಯಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ. ಶಿಖರದ ಎತ್ತರ ಸುಮಾರು 1,890 ಮೀಟರ್. ತಪ್ಪಲಿನ ಮುಳ್ಳೋಡಿಯಿಂದ ಹತ್ತಿ ಇಳಿಯಲು 18ರಿಂದ 20 ಕಿ.ಮೀ. ನಡೆಯಬೇಕಾಗುವುದರಿಂದ ನಸುಕಿನಲ್ಲಿಯೇ ಹೊರಟು, ಕತ್ತಲಾಗುವ ಮೊದಲು ಕೆಳಗಿಳಿದಿರಬೇಕು. ದಿನಕ್ಕೆ ಇಂತಿಷ್ಟೇ ಜನರಿಗೆ ಅನುಮತಿ ಕೊಡುವುದರಿಂದ ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿಕೊಳ್ಳಿ. ತಂದೆಯವರನ್ನು ಈ ಏರಿಗೆ ಕರೆದೊಯ್ಯಬೇಡಿ. ಅವರು ಕಳಸದಲ್ಲಿ ಉಳಿದು ಕಳಸೇಶ್ವರನ ದರ್ಶನ ಮಾಡಿ, ಹತ್ತಿರದ ಹೊರನಾಡಿಗೂ ಹೋಗಿಬರಲಿ. ವಸತಿಗೂ ಕಳಸವೇ ಮೇಲು. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತ ಬಳಿಕ ಕುದುರೆಮುಖದ ಕಂಪನಿ ಊರು ಬಹುಮಟ್ಟಿಗೆ ಬರಿದಾಗಿದ್ದು, ಹಳೆಯ ನೆನಪಿನವರು ಹೇಳುವ ಸೌಕರ್ಯಗಳನ್ನು ನಂಬಿ ಹೋಗುವಂತಿಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿ ಓದುತ್ತಿರುವ ನಾಲ್ವರು ಗೆಳೆಯರು ನಾವು. ಅಷ್ಟು ದೂರ ಹೋಗದೆ, ಎರಡು ದಿನಗಳಲ್ಲಿ ಮುಗಿಯುವಂತಹ ಬೆಟ್ಟಗಾಡು ಹತ್ತಿರದಲ್ಲಿದೆಯೇ?

ಉತ್ತರ: ಖಾನಾಪುರ ದಾಟಿ ಜೋಯಿಡಾ ತಾಲೂಕಿನ ರಾಮನಗರದ ಮೂಲಕ ಇಳಿದರೆ ಅಣಶಿ ರಾಷ್ಟ್ರೀಯ ಉದ್ಯಾನವಿದೆ; ಈಗ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಅಲ್ಲಿ ಎತ್ತರದ ಶಿಖರವನ್ನು ನಿರೀಕ್ಷಿಸಬೇಡಿ. ದಟ್ಟ ಕಾಡು, ಮಂಗಟ್ಟೆ ಹಕ್ಕಿ, ಅದೃಷ್ಟವಿದ್ದರೆ ಕರಿಚಿರತೆ, ಇವು ಅಲ್ಲಿಯ ಆಕರ್ಷಣೆ. ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ಅವಲಂಬಿಸಿದ್ದು, ಮಳೆಗಾಲದಲ್ಲಿ ನಡೆಯುವುದಿಲ್ಲ. ಆದುದರಿಂದ ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು; ಹೊರಡುವ ಮುನ್ನ ರಾಫ್ಟಿಂಗ್ ನಡೆಯುತ್ತಿದೆಯೇ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ಕುದುರೆಮುಖದ ಮೇಲೆ ರಾತ್ರಿ ಡೇರೆ ಹಾಕಿ ಸೂರ್ಯೋದಯ ನೋಡಬಹುದೇ? (ಸಿಂದಗಿಯ ಓದುಗರು)

ಉತ್ತರ: ಇಲ್ಲ. ಶಿಖರದಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಲಾಗಿದೆ. ಡೇರೆ ಹಾಕಿಸುತ್ತೇವೆಂದು ಹೇಳಿ ಮುಂಗಡ ಕೇಳುವವರಿಗೆ ಹಣ ಕಳುಹಿಸಬೇಡಿ.