ಮಧ್ಯಯುಗದ ಇಂಗ್ಲೆಂಡ್ ರಾಜರು ಕೋಟೆ ಕಟ್ಟಲು ಎಷ್ಟು ಖರ್ಚು ಮಾಡುತ್ತಿದ್ದರು?

ರಾಜನಿಂದ ರಾಜನಿಗೆ ಲೆಕ್ಕ ಬೇರೆ. 2ನೇ ಹೆನ್ರಿ 1180ರ ದಶಕದಲ್ಲಿ ಡೋವರ್ ಕೋಟೆಗೆ ಸುಮಾರು 6,500 ಪೌಂಡ್ ಸುರಿದ. ಖಜಾನೆಯ ಲೆಕ್ಕಪತ್ರಗಳು ಉಳಿದುಕೊಂಡಿರುವುದರಿಂದ ಇದೆಲ್ಲ ಗೊತ್ತಾಗಿದೆ.

ಕೈಬಿಚ್ಚಿ ಖರ್ಚು ಮಾಡಿದವನು ಅಂದರೆ 1ನೇ ಎಡ್ವರ್ಡ್. ವೇಲ್ಸ್ ಗೆದ್ದು ಹಿಡಿತದಲ್ಲಿಡಲು 1277ರಿಂದ ಸುಮಾರು 25 ವರ್ಷದಲ್ಲಿ ಅಲ್ಲಿನ ಕೋಟೆಗಳಿಗೆ ಹತ್ತಿರಹತ್ತಿರ 80,000 ಪೌಂಡ್ ಹೋಯಿತು. ಹೆಚ್ಚಿನದು ಕೂಲಿಗೇ. 1295ರಲ್ಲಿ ಶುರುವಾದ ಬ್ಯೂಮಾರಿಸ್ ನೋಡಿ: 400 ಕಲ್ಲುಕುಟಿಗರು, 2,000 ಕೂಲಿಯಾಳುಗಳು. ವಾರಕ್ಕೆ 250 ಪೌಂಡ್ ಬೇಕು, ಕೂಲಿ ಬಾಕಿಯಿದೆ, ಆಳುಗಳಿಗೆ ಹೊಟ್ಟೆಗಿಲ್ಲ ಅಂತ ಮೇಸ್ತ್ರಿ ಜೇಮ್ಸ್ 1296ರಲ್ಲೇ ಖಜಾನೆಗೆ ಪತ್ರ ಬರೆದ. ಅಷ್ಟರಲ್ಲಿ ಸ್ಕಾಟ್ಲೆಂಡ್ ಯುದ್ಧ ಬಂತು, ದುಡ್ಡು ಅತ್ತ ಹರಿಯಿತು. ಸುಮಾರು 15,000 ಪೌಂಡ್ ನುಂಗಿಯೂ ಬ್ಯೂಮಾರಿಸ್ ಪೂರ್ತಿಯಾಗಲೇ ಇಲ್ಲ.