ಜಿಮ್ ಶುರುಮಾಡಿದ ಮೇಲೆ ಪದೇ ಪದೇ ಶೀತ, ಕಾಲುನೋವು: ಇಮ್ಯುನಿಟಿ ಪುಡಿ ತೆಗೆದುಕೊಳ್ಳಬೇಕಾ?

ವಾರಕ್ಕೆ ಆರು ದಿನ ಬೆಳಿಗ್ಗೆ ಐದಕ್ಕೇ ಜಿಮ್, ತೂಕ ಇಳಿಸಲು ಊಟ ಅರ್ಧಕ್ಕರ್ಧ ಕಡಿಮೆ, ಮೂರು ತಿಂಗಳಲ್ಲಿ ಮೂರು ಸಲ ಶೀತ, ಕಾಲುನೋವು ನಾಲ್ಕು ದಿನವಾದರೂ ಬಿಡುತ್ತಿಲ್ಲ ಅಂತ ಬರೆದಿದ್ದೀರಿ. ಪುಡಿ ಆಮೇಲೆ ನೋಡೋಣ. ಮೊದಲು ಹೊಟ್ಟೆತುಂಬ ಊಟ ಮಾಡಿ.

ನಾನೂ ಇದೇ ತಪ್ಪು ಮಾಡಿದವನು. 21 ಕಿಲೋಮೀಟರ್ ಓಟಕ್ಕೆ ತಯಾರಾಗುವಾಗ ರಾತ್ರಿ ಊಟ ಬಿಟ್ಟಿದ್ದೆ. ಭಾನುವಾರ ಉದ್ದ ಓಟ. ಸೋಮವಾರ ಮೆಟ್ಟಿಲು ಹತ್ತುವುದು ಹೇಗೋ ಆಗುತ್ತಿತ್ತು, ಇಳಿಯುವಾಗ ಮಾತ್ರ ಕಂಬಿ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ. ಬುಧವಾರದ ಹೊತ್ತಿಗೆ ಗಂಟಲು ಕೆರೆತ.

ಈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಜಿಮ್‌ನಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಅದಲ್ಲ. ಅವರು ಲ್ಯಾಕ್ಟಿಕ್ ಆಸಿಡ್ ಅನ್ನುವ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲೇ ರಕ್ತದಿಂದ ಇಳಿದುಹೋಗುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಯ ನಡುವೆ. ಭಾರ ಹೊತ್ತ ಸ್ನಾಯು ಹಿಗ್ಗುವಾಗ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಅಲ್ಲಿಗೆ ಮೊದಲು ಓಡಿಬರುವುದು ನ್ಯೂಟ್ರೋಫಿಲ್‌ಗಳು, ಹಿಂದೆಯೇ ಮ್ಯಾಕ್ರೋಫೇಜ್‌ಗಳು. ಮೊದಲು ಕಸ ಗುಡಿಸುತ್ತವೆ, ಆಮೇಲೆ ಸ್ಯಾಟಲೈಟ್ ಕೋಶಗಳಿಗೆ, ಅಂದರೆ ಸ್ನಾಯುವಿನಲ್ಲೇ ಇರುವ ದುರಸ್ತಿ ಕೋಶಗಳಿಗೆ, ರಿಪೇರಿ ಶುರುಮಾಡಲು ಸೂಚನೆ ಕೊಡುತ್ತವೆ. ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಎರಡೂ ರೋಗನಿರೋಧಕ ವ್ಯವಸ್ಥೆಯ ಕೋಶಗಳೇ. ಅಂದರೆ ನಿಮ್ಮ ಶೀತ, ನಿಮ್ಮ ಕಾಲುನೋವು ಎರಡನ್ನೂ ನೋಡಿಕೊಳ್ಳುವುದು ಒಂದೇ ಮನೆಯವರು. ಅವರಿಗೇ ನೀವು ಅರ್ಧ ಊಟ ಹಾಕುತ್ತಿದ್ದೀರಿ.

ಹಾಗಂತ ವ್ಯಾಯಾಮವನ್ನು ಬೈಯಬೇಡಿ. ಹದವಾಗಿ ಮಾಡಿದರೆ ರಕ್ಷಣಾ ಕೋಶಗಳು ರಕ್ತದಲ್ಲಿ ಹೆಚ್ಚಾಗಿ ಓಡಾಡುತ್ತವೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ಮುಂದಿನ ವಾರ ಶೇ 12.9 ಮಂದಿ ಕಾಯಿಲೆ ಬಿದ್ದೆವು ಅಂದರು, ಓಡದೆ ಉಳಿದ ಓಟಗಾರರಲ್ಲಿ ಶೇ 2.2 ಮಾತ್ರ. ಅಲ್ಲಿಂದ 'ಜಾಸ್ತಿ ದಣಿದರೆ ಇಮ್ಯುನಿಟಿ ಬಿದ್ದುಹೋಗುತ್ತದೆ' ಎಂಬ ಮಾತು ಗಟ್ಟಿಯಾಯಿತು. 2018ರಲ್ಲಿ ಇಬ್ಬರು ಬ್ರಿಟಿಷ್ ಸಂಶೋಧಕರು ಇದನ್ನು ಪ್ರಶ್ನಿಸಿದರು: ದಣಿದ ಮೇಲೆ ರಕ್ತದಲ್ಲಿ ಕೋಶಗಳು ಕಡಿಮೆ ಕಾಣುವುದು ಅವು ಸತ್ತಿದ್ದರಿಂದಲ್ಲ, ಶ್ವಾಸಕೋಶ, ಕರುಳಿನಂಥ ಕಡೆ ಕಾವಲಿಗೆ ಹೋಗಿರುವುದರಿಂದ ಅಂತ. ನನಗೂ ಇದೇ ಸರಿ ಅನಿಸುತ್ತದೆ. ಓಡಿದವರ ಕಾಯಿಲೆಗೆ ಜನಜಂಗುಳಿ, ನಿದ್ದೆಗೇಡು, ಹಸಿವು ಇವೂ ಕಾರಣ ಆಗಬಹುದಲ್ವಾ?

ಊಟದ ಲೆಕ್ಕಕ್ಕೆ ಬರೋಣ. ವ್ಯಾಯಾಮ ಮಾಡುವವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.4ರಿಂದ 2 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ಇದ್ದರೆ 84ರಿಂದ 120 ಗ್ರಾಂ, ಮೂರು-ನಾಲ್ಕು ಹೊತ್ತಿಗೆ ಹಂಚಿ. (ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಹೆಚ್ಚಿಸಿ.) ಆದರೆ ಒಟ್ಟು ಊಟವೇ ಕಡಿಮೆಯಾದರೆ ಆ ಪ್ರೋಟೀನಿನಲ್ಲೂ ಒಂದು ಪಾಲು ರಿಪೇರಿಗೆ ಸಿಗದೆ ಇಂಧನವಾಗಿ ಉರಿದುಹೋಗುತ್ತದೆ. ಕಾರ್ಬೋಹೈಡ್ರೇಟ್ ಬಿಟ್ಟು ಬೆವರು ಸುರಿಸಿದರೆ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಇನ್ನೂ ಏರುತ್ತದೆ. ನಾನು ರಾತ್ರಿ ಊಟ ವಾಪಸ್ ಶುರುಮಾಡಿದ ಮೇಲೆ ಸೋಮವಾರದ ಏಡಿ ನಡಿಗೆ ನಿಂತಿತು, ತೂಕವೇನೂ ಏರಲಿಲ್ಲ.

ಇನ್ನು ಪುಡಿ, ಮಾತ್ರೆಗಳ ಮಾತು. ವಿಟಮಿನ್ ಸಿ ಮಾತ್ರೆ ಸಾಮಾನ್ಯ ಜನರಿಗೆ ಶೀತ ಬರದಂತೆ ತಡೆಯುವುದಿಲ್ಲ. ದಿನಾ ದೊಡ್ಡ ಡೋಸ್ ನುಂಗಿದರೆ ವ್ಯಾಯಾಮದ ಲಾಭವೇ ಸ್ವಲ್ಪ ಕುಗ್ಗಬಹುದು ಅಂತ ಕೆಲವು ಪ್ರಯೋಗಗಳು ತೋರಿಸಿವೆ. ಸುಮ್ನೆ ದುಡ್ಡು ದಂಡ.

ಆರು ದಿನವನ್ನು ನಾಲ್ಕಕ್ಕೆ ಇಳಿಸಿ. ಜ್ವರ ಇದ್ದ ದಿನ ಜಿಮ್ ಬೇಡವೇ ಬೇಡ. ನೋವು ವಿಪರೀತವಾಗಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ನೀವು ಬರೆಯದೆ ಬಿಟ್ಟಿದ್ದು ನಿದ್ದೆ. 2015ರ ಒಂದು ಪ್ರಯೋಗದಲ್ಲಿ 164 ಜನರ ಮೂಗಿಗೆ ಶೀತದ ವೈರಸ್ ಹಾಕಿ ನೋಡಿದರು. ಏಳು ಗಂಟೆಗಿಂತ ಜಾಸ್ತಿ ಮಲಗುವವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ಶೀತ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟು ಇತ್ತು. ಐದಕ್ಕೇ ಜಿಮ್ ಅಂದಿರಲ್ಲ, ರಾತ್ರಿ ಮಲಗುವುದು ಎಷ್ಟು ಗಂಟೆಗೆ?