ಅಜ್ಜನ ಡಾಡ್ಜ್ ಮತ್ತು ಸ್ವೀಡನ್ನಿನ ಬೇಸಿಗೆ

ಅರಸೀಕೆರೆಯ ಓದುಗರೊಬ್ಬರ ಕಾಗದ: “ಹೋದ ಸಂಚಿಕೆಯಲ್ಲಿ ಸ್ವೀಡನ್ನಿನ ಹಳೇ ಅಮೆರಿಕನ್ ಕಾರುಗಳ ಫೋಟೊ ಹಾಕಿದ್ದೀರಿ. ಕ್ಯೂಬಾದವರಿಗೆ ಬೇರೆ ದಾರಿಯಿಲ್ಲ, ಓಡಿಸುತ್ತಾರೆ. ವೋಲ್ವೊ ತಯಾರಿಸಿದ ದೇಶದವರಿಗೆ ಪೆಟ್ರೋಲ್ ಕುಡಿಯುವ ಈ ಹಡಗುಗಳ ಹುಚ್ಚು ಯಾಕೆ? ಅವು ಇನ್ನೂ ಓಡುವುದಾದರೂ ಹೇಗೆ? ಕೇಳಲು ಕಾರಣವಿದೆ. ನಮ್ಮಜ್ಜನ 1954ರ ಡಾಡ್ಜ್ ಕಿಂಗ್ಸ್‌ವೇ 18 ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾನೆ. ಕೊಟ್ಟುಬಿಡಲೇ?”

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕೊಡಬೇಡಿ. ಈ ಉತ್ತರ ಓದಿ ಮುಗಿಸುವವರೆಗಾದರೂ ಆ ಮನುಷ್ಯನನ್ನು ಕೊಟ್ಟಿಗೆಯ ಹತ್ತಿರ ಬಿಟ್ಟುಕೊಳ್ಳಬೇಡಿ. ಯಾಕೆ ಅಂತ ಹೇಳಲು ಸ್ವೀಡನ್ನಿಗೆ ಹೋಗಿಬರಬೇಕು.

ಎರಡನೇ ಮಹಾಯುದ್ಧದಲ್ಲಿ ಸ್ವೀಡನ್ ಯಾವ ಪಕ್ಷಕ್ಕೂ ಸೇರಲಿಲ್ಲ. ಅಲ್ಲಿನ ಕಾರ್ಖಾನೆಗಳ ಮೇಲೆ ಬಾಂಬ್ ಬೀಳಲಿಲ್ಲ. ಉಳಿದ ಯುರೋಪ್ ಇಟ್ಟಿಗೆ ಜೋಡಿಸುತ್ತಿದ್ದ 1950ರ ದಶಕದಲ್ಲಿ ಸ್ವೀಡನ್ನಿನ ಹಳ್ಳಿ ಹುಡುಗರ ಕೈಯಲ್ಲಿ ಕೂಲಿ ದುಡ್ಡು ಓಡಾಡುತ್ತಿತ್ತು. ಅಮೆರಿಕನ್ ಕಾರು ಅವರಿಗೆ ಹೊಸದೇನಲ್ಲ. ಜನರಲ್ ಮೋಟಾರ್ಸ್ 1928ರಿಂದಲೇ ಸ್ಟಾಕ್‌ಹೋಮ್‌ನಲ್ಲಿ ಕಾರು ಜೋಡಿಸುತ್ತಿತ್ತು. ಜಾಸ್ತಿ ಪೆಟ್ರೋಲ್ ಕುಡಿಯುವ ದೊಡ್ಡ ಕಾರು ಸೆಕೆಂಡ್ ಹ್ಯಾಂಡ್ ಆದ ಮೇಲೆ ಅಗ್ಗ, ಅಲ್ವಾ? ನಾಲ್ಕು ಹುಡುಗರು ಸೇರಿ ಒಂದು ಕೊಳ್ಳುವುದು, ಶನಿವಾರ ಸಂಜೆ ಪೇಟೆಯ ಬೀದಿಯಲ್ಲಿ ಸುತ್ತು ಹೊಡೆಯುವುದು. ಇವರಿಗೆ ‘ರಗ್ಗರೆ’ ಅಂತ ಹೆಸರು ಬಿತ್ತು. ಹುಡುಗಿಯರ ಹಿಂದೆ ಬೀಳುವವರು ಅನ್ನೋ ಅರ್ಥದ ಮಾತು. ಪತ್ರಿಕೆಗಳು ಉಗಿದವು, ದೊಡ್ಡವರು ಬೈದರು. ಆ ಪೋಲಿ ಹುಡುಗರಿಗೆ ಈಗ ಎಂಬತ್ತು ದಾಟಿದೆ. ಕಾರು ಮೊಮ್ಮಕ್ಕಳ ಕೈಗೆ ಬಂದಿದೆ.

ಇನ್ನೊಂದು ತಮಾಷೆ ಕೇಳಿ. 1967ರ ಸೆಪ್ಟೆಂಬರ್ 3ರವರೆಗೆ ಸ್ವೀಡನ್ನಿನಲ್ಲಿ ನಮ್ಮ ಹಾಗೇ ರಸ್ತೆಯ ಎಡಕ್ಕೆ ಓಡಿಸುತ್ತಿದ್ದರು. ಆದರೆ ಬಹುತೇಕ ಕಾರುಗಳ ಸ್ಟೀರಿಂಗ್ ಕೂಡ ಎಡಕ್ಕೇ ಇತ್ತು, ಅವರದೇ ವೋಲ್ವೊದಲ್ಲೂ. ಹಾಗಾಗಿ ಅಮೆರಿಕದ ಕಾರು ನಗರ ಡೆಟ್ರಾಯಿಟ್‌ನಿಂದ ಬಂದ ಕಾರು ಅಲ್ಲಿ ಪರಕೀಯ ಅನ್ನಿಸಲೇ ಇಲ್ಲ. ಆ ದಿನ ಬೆಳಗಿನ ಜಾವ 5 ಗಂಟೆಗೆ ಇಡೀ ದೇಶ ಎಡದಿಂದ ಬಲಕ್ಕೆ ಸರಿಯಿತು. ಅದಕ್ಕೆ 12 ವರ್ಷ ಮೊದಲು ಜನರನ್ನು ಕೇಳಿದಾಗ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಬೇಡ ಅಂದಿದ್ದರು. ಅದು ಬೇರೆ ಕತೆ, ಬಿಡಿ.

ಹೇಗೆ ಓಡುತ್ತವೆ ಅಂದಿರಿ. ಎಂಜಿನ್ ಸರಳ. ಬಾನೆಟ್ ಎತ್ತಿದರೆ ಒಬ್ಬ ಮನುಷ್ಯ ಒಳಗೆ ನಿಂತು ಕೆಲಸ ಮಾಡುವಷ್ಟು ಜಾಗ. ಪೆಟ್ರೋಲಿಗೆ ಗಾಳಿ ಬೆರೆಸಲು ಒಂದು ಕಾರ್ಬುರೇಟರ್, ಪ್ಲಗ್ಗುಗಳಿಗೆ ಕರೆಂಟ್ ಹಂಚಲು ಒಂದು ಡಿಸ್ಟ್ರಿಬ್ಯೂಟರ್, ಅಷ್ಟೇ. ಕಂಪ್ಯೂಟರ್ ಇಲ್ಲ. ಷೆವರ್ಲೆ 1955ರಲ್ಲಿ ತಂದ ಎಂಟು ಸಿಲಿಂಡರಿನ ಸಣ್ಣ ವಿ8 ಎಂಜಿನ್ನಿನ ವಂಶ ದಶಕಗಳ ಕಾಲ ನಡೆಯಿತು. ಅದರ ಬಿಡಿ ಭಾಗಗಳನ್ನು ಅಮೆರಿಕದಲ್ಲಿ ಇವತ್ತೂ ಹೊಸದಾಗಿ ಮಾಡಿ ಮಾರುತ್ತಾರೆ.

ಅಲ್ಲಿನ ನಿಜವಾದ ಶತ್ರು ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ತಗಡನ್ನು ತಿಂದುಹಾಕುತ್ತದೆ. ಅದಕ್ಕೇ ಶರತ್ಕಾಲ ಬಂತೆಂದರೆ ಕಾರು ಒಳಗೆ. ಬ್ಯಾಟರಿ ಬಿಚ್ಚಿಡುತ್ತಾರೆ. ಒಳಗೆ ನೀರಿನ ಪಸೆ ಕಟ್ಟದಿರಲಿ ಅಂತ ಟ್ಯಾಂಕ್ ತುಂಬಿಸಿಡುತ್ತಾರೆ. ಅಡಿಭಾಗಕ್ಕೆ ತುಕ್ಕು ತಡೆಯುವ ಎಣ್ಣೆ ಬಳಿಯುತ್ತಾರೆ. ಆರು ತಿಂಗಳು ಗ್ಯಾರೇಜಿನಲ್ಲಿ ಕೂತು ಒಂದೊಂದೇ ಭಾಗ ಬಿಚ್ಚಿ ಜೋಡಿಸುವುದು ಅಲ್ಲಿನ ಚಳಿಗಾಲದ ಕಾಲಕ್ಷೇಪ. ಬೇಸಿಗೆ ಬಂದರೆ ಜಾತ್ರೆ. ವೆಸ್ತೆರೋಸ್ ಎಂಬ ಊರಿನಲ್ಲಿ 1978ರಲ್ಲಿ ಶುರುವಾದ ‘ಪವರ್ ಬಿಗ್ ಮೀಟ್’ಗೆ ಸಾವಿರಾರು ಅಮೆರಿಕನ್ ಕಾರುಗಳು ಬಂದು ನಿಲ್ಲುವಂತಾಯಿತು. ಅಮೆರಿಕದವರೇ ನೋಡಲು ಬರುತ್ತಾರೆ! ದಾಲರ್ನಾ ಸೀಮೆಯ ರೆತ್ವಿಕ್‌ನಲ್ಲಿ ಒಂದು ವಾರ ಪೂರ್ತಿ ಇದೇ ಗದ್ದಲ. ಅಲ್ಲಿ ಫಳಫಳ ಹೊಳೆಯುವ ಕ್ಯಾಡಿಲಾಕ್ ಪಕ್ಕದಲ್ಲೇ ‘ಪಿಲ್ಸ್ನರ್ ಬೀಲ್’ ಕಾಣುತ್ತದೆ, ಅಂದರೆ ಬೀರ್ ಗಾಡಿ. ತುಕ್ಕು ಹಿಡಿದ ಲಟಾರಿ ಕಾರು, ಮೇಲೆಲ್ಲ ಕುಡಿದ ಹುಡುಗರು. ನನಗೇಕೋ ಕ್ಯಾಡಿಲಾಕ್‌ಗಿಂತ ಇದೇ ಇಷ್ಟ.

ಇಷ್ಟವಾಗದ್ದನ್ನೂ ಹೇಳಬೇಕು. ನಾವು ಹಾಕಿದ ಒಂದು ಫೋಟೊದಲ್ಲಿ ಕಾರಿನ ಹಿಂದೆ ಕೆಂಪು ಬಾವುಟವಿತ್ತು. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕೆ ಹೋದ ಅಮೆರಿಕದ ದಕ್ಷಿಣ ರಾಜ್ಯಗಳದು ಅದು. ರಗ್ಗರೆಗಳಲ್ಲಿ ಬಹಳ ಮಂದಿ ಅದನ್ನು ಸುಮ್ನೆ ಪುಂಡಾಟಿಕೆಯ ಗುರುತು ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಫೋಟೊ ಆರಿಸುವಾಗ ಗಮನಿಸದೇ ಹೋದದ್ದು ನಮ್ಮ ತಪ್ಪು.

ಅಲ್ಲಿನ ಕಾನೂನು ಕೂಡ ಕಾರಿನ ಪರ. 30 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. 2018ರಿಂದ 50 ವರ್ಷ ಮೀರಿದ್ದಕ್ಕೆ ತಪಾಸಣೆಯೂ ಇಲ್ಲ. ತರಕಾರಿಗೆ ಹೋಗಿ, ಮದುವೆಗೆ ಹೋಗಿ, ಯಾರೂ ತಡೆಯುವುದಿಲ್ಲ. ‘ಎಪಾ ಟ್ರ್ಯಾಕ್ಟರ್’ ಅಂತ ಒಂದಿದೆ. ಹಿಂದೆ ಟ್ರ್ಯಾಕ್ಟರ್ ಸಿಗದ ಕಾಲದಲ್ಲಿ ರೈತರು ಹಳೇ ಅಮೆರಿಕನ್ ಕಾರುಗಳ ಹಿಂಭಾಗ ಕತ್ತರಿಸಿ ಉಳುವ ಗಾಡಿ ಮಾಡಿಕೊಂಡರು. ಆ ಪದ್ಧತಿಯ ಮರಿಯೇ ಇವತ್ತಿನ ಗಾಡಿ. ವೇಗ ಗಂಟೆಗೆ 30 ಕಿಲೊಮೀಟರ್, ಓಡಿಸಲು 15 ವರ್ಷ ತುಂಬಿ ಮೊಪೆಡ್ ಲೈಸೆನ್ಸ್ ಇದ್ದರೆ ಸಾಕು. ಪಾನಾ ಹಿಡಿಯುವುದನ್ನು ಹಳ್ಳಿ ಮಕ್ಕಳು ಅಲ್ಲೇ ಕಲಿತುಬಿಡುತ್ತಾರೆ. ದಿನಾ ಓಡಿಸುವವರು ಇರುವುದರಿಂದ ಸ್ಪೇರ್ ತರಿಸುವ ಅಂಗಡಿ ಇದೆ. ಅಂಗಡಿ ಇರುವುದರಿಂದ ಮೆಕ್ಯಾನಿಕ್ ಇದ್ದಾನೆ.

ನಮ್ಮಲ್ಲಿ ಇದು ಉಲ್ಟಾ. 2021ರ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ಸ್ವಂತ ಬಳಕೆಯ ವಾಹನವನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬೇಕು. ಮಾಮೂಲಿ ಓಡಾಟಕ್ಕೆ ಇಲ್ಲ. ಇದು ನನಗೆ ಬೇಸರದ ಸಂಗತಿ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಈಗ ನಿಮ್ಮ ಕಿಂಗ್ಸ್‌ವೇ. ಪ್ರೀಮಿಯರ್ ಕಂಪನಿ ಮುಂಬೈನ ಕುರ್ಲಾದಲ್ಲಿ ಜೋಡಿಸುತ್ತಿದ್ದ ಕಾರು ಇದು. ಡಾಡ್ಜ್ ಹೆಸರಿದ್ದರೂ ಒಳಗಿರುವುದು ಅದೇ ಕ್ರೈಸ್ಲರ್ ಕಂಪನಿಯ ಇನ್ನೊಂದು ಕಾರು, ಪ್ಲಿಮತ್. ಹಾಗಾಗಿ ಪ್ಲಿಮತ್‌ನ ಆರು ಸಿಲಿಂಡರ್ ಎಂಜಿನ್ನಿನ ಭಾಗಗಳು ಹೆಚ್ಚಿನವು ಹೊಂದುತ್ತವೆ, ಕೇಳುವಾಗ ಆ ಹೆಸರಲ್ಲೇ ಕೇಳಿ. ಯಾರಾದರೂ ಡೀಸೆಲ್ ಎಂಜಿನ್ ಕೂರಿಸಿಕೊಡುತ್ತೇನೆ ಅಂದರೆ ಕೈಮುಗಿದು ಕಳಿಸಿ. ಕ್ಯೂಬಾದಲ್ಲಿ ಹಾಗೆ ಮಾಡಿಯೇ ಬದುಕಿಸಿಕೊಂಡರು ನಿಜ. ನೀವು ಮಾಡಿದರೆ ‘ವಿಎ’ ಆಸೆ ಬಿಡಬೇಕು.

ಸ್ಟಾರ್ಟ್ ಮಾಡಲು ಆತುರ ಬೇಡ. 18 ವರ್ಷದ ಹಳೇ ಪೆಟ್ರೋಲ್ ಟ್ಯಾಂಕಿನಲ್ಲಿ ಅಂಟಾಗಿರುತ್ತದೆ, ಅದನ್ನು ಪೂರ್ತಿ ಖಾಲಿ ಮಾಡಿಸಿ ತೊಳೆಸಿ. ರಬ್ಬರ್ ಪೈಪ್, ಪೆಟ್ರೋಲ್ ಪಂಪಿನೊಳಗಿನ ಪೊರೆ (ಡಯಾಫ್ರಾಮ್) ಎಲ್ಲ ಬದಲಾಯಿಸಲೇಬೇಕು. ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ್ದು. ಹಳೇ ರಬ್ಬರನ್ನು ಅದು ಹಾಳುಮಾಡಿಬಿಡುತ್ತದೆ. ಸ್ವೀಡನ್ನಿನಲ್ಲೂ 2021ರಿಂದ ಮಾಮೂಲಿ ಪೆಟ್ರೋಲಿನಲ್ಲಿ 10 ಪಾಲು ಎಥೆನಾಲ್ ಬಂತು. ಹಳೇ ಕಾರಿನವರು ದುಬಾರಿಯಾದರೂ ಸರಿ ಅಂತ ಎಥೆನಾಲ್ ಕಡಿಮೆಯಿರುವ 98 ಆಕ್ಟೇನ್‌ನದಕ್ಕೆ ಹೋದರು. ನಿಮ್ಮ ಕಾರಿನ ಬ್ಯಾಟರಿ 6 ವೋಲ್ಟಿನದು. ಆ ಕಾಲದ ಈ ಕಾರುಗಳಲ್ಲಿ ಕಾರಿನ ಲೋಹದ ಮೈಗೆ ಕೂಡಿಸುವುದು ಬ್ಯಾಟರಿಯ ಪ್ಲಸ್ ತುದಿಯನ್ನು, ಮೈನಸ್ ಅಲ್ಲ. ಹೊಸ ಹುಡುಗರು ಇಲ್ಲೇ ಎಡವುತ್ತಾರೆ.

ಈ ಭಾನುವಾರ ಇಷ್ಟು ಮಾಡಿ. ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ತೂತಿನೊಳಗೆ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಡಿ. ಒಂದು ವಾರ ಹಾಗೇ ಇರಲಿ. ಆಮೇಲೆ ಗೇರು ನ್ಯೂಟ್ರಲ್‌ಗೆ ಹಾಕಿ, ಮುಂದಿನ ಫ್ಯಾನ್ ಬೆಲ್ಟಿನ ಪುಲ್ಲಿ ಕಡೆಯಿಂದ ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ಬಲ ಹಾಕಬೇಡಿ. ತಿರುಗಿತೋ ಇಲ್ಲವೋ, ಒಂದು ಕಾರ್ಡ್ ಬರೆಯಿರಿ.